ಘಟಪ್ರಭೆಯ ದಂಡೆ, ನಿಮ್ಮ ಆಟದ ಹಲಗೆ

ಮನೆಯಲ್ಲೇ ಮಾಯಾಲೋಕದ ಬೋರ್ಡ್ ಗೇಮ್ ಕಟ್ಟುತ್ತಿದ್ದೀರಾ? ನಕ್ಷೆಗೆ ದೂರ ಹೋಗಬೇಡಿ. ಹುಕ್ಕೇರಿಯ ಗುಮ್ಮಟಗಳು ರಾಜಧಾನಿಯಾಗಲಿ, ಹಿಡಕಲ್ ಜಲಾಶಯ ಕಡಲಾಗಲಿ. ಘಟಪ್ರಭೆ ಅಲ್ಲಿಂದ ಪೂರ್ವಕ್ಕೆ ಹರಿದು, ಗೋಕಾಕದಲ್ಲಿ ಸುಮಾರು 52 ಮೀಟರ್ ಧುಮುಕಿ, ಮೂಡಲಗಿಯ ಬಯಲಿಗೆ ಇಳಿಯುತ್ತದೆ. ಆಟದ ತಿರುವೆಲ್ಲ ಆ ಜಲಪಾತದ ಅಂಚಲ್ಲೇ ಇದೆ!

ಚಿತ್ರ ಬಿಡಿಸುವವರು ಯಾರು? ಗೋಕಾಕದಲ್ಲಿ ಮರದ ಹಣ್ಣು, ತರಕಾರಿಗೆ ನಿಜದ ಬಣ್ಣ ತುಂಬುವ ಕುಶಲಕರ್ಮಿಗಳಿದ್ದಾರೆ. ಮೊದಲು ಅವರನ್ನೇ ಕೇಳಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲೇ ಹೊಸ ಹಲಗೆಯಾಟಗಳನ್ನು ರೂಪಿಸಿದ ನಾಡು ಇದು.

ಕಲಾವಿದರಿಗೆ ಕಥೆಗಿಂತ ಮೊದಲು ಮನೆಗಳ ಲೆಕ್ಕ ಕೊಡಿ. ಕಾಯಿ ಎಲ್ಲಿ ನಿಲ್ಲಬೇಕು, ಸೇತುವೆ ಎಲ್ಲಿ, ಯಾವ ದಾರಿ ಮುಚ್ಚಿದೆ? ಅದು ತಿಳಿಯದೆ ಬಿಡಿಸಿದ ಬೆಟ್ಟ ಎಷ್ಟೇ ಚೆಂದವಿದ್ದರೂ ಆಟಕ್ಕೆ ಅಡ್ಡ. ಪೆನ್ಸಿಲ್ ಕರಡು ಬಂದ ಕೂಡಲೇ ಜೆರಾಕ್ಸ್ ಮಾಡಿಸಿ, ಅದರ ಮೇಲೆ ಆಡಿ ನೋಡಿ. ಬಣ್ಣ ಆಮೇಲೆ.

ಮುದ್ರಣಕ್ಕೆ 300 ಡಿಪಿಐ ಬೇಕು. ಅಂದರೆ 20 ಇಂಚಿನ ಹಲಗೆಗೆ 6000 ಪಿಕ್ಸೆಲ್. ಊರ ಹೆಸರುಗಳು ಬೇರೆ ಪದರದಲ್ಲಿರಲಿ, ತಿದ್ದಲು ಸುಲಭ. ಮುಂಗಡ ಎಷ್ಟು, ತಿದ್ದುಪಡಿ ಎಷ್ಟು ಸಲ, ಆಟ ಮಾರಿದರೆ ಚಿತ್ರದ ಹಕ್ಕು ಯಾರದು, ಎಲ್ಲವನ್ನೂ ಬರೆದಿಡಿ. ಪೆಟ್ಟಿಗೆಯ ಮೇಲೆ ಕಲಾವಿದರ ಹೆಸರನ್ನು ದೊಡ್ಡದಾಗಿಯೇ ಹಾಕಿ.