ಮೊಟ್ಟೆ ಹೊತ್ತ ಗೋಡೆ

ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟವನು ನಾನು. ಹೋದ ಬೇಸಿಗೆಯಲ್ಲಿ ಪಿಯುಸಿ ಓದುವ ಮಗಳು ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಬರಿಯ ಕೂಡುವ ಲೆಕ್ಕದಲ್ಲಿ ನಪಾಸು ಮಾಡಿದಳು.

ಆಟದ ಹೆಸರು ಪೋಕೆಮಾನ್. ಜಪಾನಿನಲ್ಲಿ 1996ರಲ್ಲಿ ಹುಟ್ಟಿದ್ದು. ನಾವು ಆಡುತ್ತಿದ್ದುದು 2006ರ ಡೈಮಂಡ್ ಮತ್ತು ಪರ್ಲ್ ಕಾಲದ ನಿಯಮದಲ್ಲಿ. ಒಬ್ಬೊಬ್ಬರಿಗೂ ಆರು ಪ್ರಾಣಿಗಳ ಟೀಮು, ಕಣದಲ್ಲಿ ಒಂದೊಂದೇ. ಪ್ರತಿ ಟರ್ನ್‌ನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ತೀರ್ಮಾನಿಸಬೇಕು: ಹೊಡೆಯುವುದೋ, ಕಣದಲ್ಲಿರುವುದನ್ನು ವಾಪಸ್ ಕರೆದು ಬೇರೆಯದನ್ನು ಕಳಿಸುವುದೋ. ಕಳಿಸಿದರೆ ಎದುರಾಳಿಯ ಏಟು ಹೊಸದಾಗಿ ಬಂದವರ ಮೈಮೇಲೆ ಬೀಳುತ್ತದೆ. ಆರೂ ಮೂರ್ಛೆ ಹೋದರೆ ಸೋಲು.

ಮೊದಲ ವಾರ ನನ್ನ ಟೀಮಿನಲ್ಲಿ ಆರೂ ಹೊಡೆಯುವವರೇ. ಆಡಿದ ಆರೂ ಆಟ ಸೋತೆ. "ಅಪ್ಪ, ಏಟು ತಿನ್ನೋಕೆ ಒಬ್ಬರು ಬೇಡ್ವಾ ನಿಂಗೆ?" ಅಂದಳು ಮಗಳು. ಹಾಗೆ ಬಂದವಳು ಬ್ಲಿಸಿ. ಗುಲಾಬಿ ಬಣ್ಣದ ದುಂಡು ಮೈ, ಹೊಟ್ಟೆಯ ಚೀಲದಲ್ಲೊಂದು ಮೊಟ್ಟೆ. ಇಂಥವರನ್ನು ಆಟಗಾರರು ‘ವಾಲ್’ ಅನ್ನುತ್ತಾರೆ, ಅಂದರೆ ಗೋಡೆ.

ಈ ಆಟದಲ್ಲಿ ಏಟು ಎರಡು ಬಗೆ. ಗುದ್ದು, ಕಚ್ಚು, ಒದೆಯಂಥ ಮೈಯೇಟು ಒಂದು. ಬೆಂಕಿ, ನೀರು, ಮಿಂಚಿನಂಥ ‘ಸ್ಪೆಷಲ್’ ಏಟು ಇನ್ನೊಂದು. ಮೊದಲನೆಯದನ್ನು ತಡೆಯುವುದು ಡಿಫೆನ್ಸ್, ಎರಡನೆಯದನ್ನು ಸ್ಪೆಷಲ್ ಡಿಫೆನ್ಸ್. ಬ್ಲಿಸಿಯ ಮೂಲ ಅಂಕಗಳನ್ನು ನೋಡಿ: ಜೀವ 255, ಸ್ಪೆಷಲ್ ಡಿಫೆನ್ಸ್ 135, ಡಿಫೆನ್ಸ್ ಬರೀ 10. ಆಟದ ನಿಜವಾದ ಅಂಕ ಇವುಗಳಿಂದ ಹುಟ್ಟಿ, ಹಂತ (ಲೆವೆಲ್) ಏರಿದಂತೆ ಬೆಳೆಯುತ್ತದೆ. ಇದರ ಮೇಲೆ ತರಬೇತಿಯ ಅಂಕ 510 ಹಂಚಬಹುದು, ಒಂದು ಗುಣಕ್ಕೆ 252 ದಾಟಿದರೆ ಪ್ರಯೋಜನವಿಲ್ಲ. ನೂರನೇ ಹಂತದಲ್ಲಿ 252 ಹಾಕಿದರೆ ಆ ಗುಣಕ್ಕೆ 63 ಕೂಡುತ್ತದೆ.

ನಾನು ಜೀವಕ್ಕೆ 252 ಹಾಕಿದೆ, ಅದು 714ಕ್ಕೆ ಏರಿತು. ಇನ್ನೊಂದು 252 ಸ್ಪೆಷಲ್ ಡಿಫೆನ್ಸಿಗೆ ಸುರಿದೆ. ಮೊದಲೇ ಗಟ್ಟಿ ಇರುವ ಕಡೆ ಇನ್ನಷ್ಟು ಗಟ್ಟಿಯಾಗಲಿ ಎಂದು. ಮಗಳು ನಕ್ಕು ಹಾಳೆಯೊಂದನ್ನು ಮುಂದಿಟ್ಟಳು. ಸ್ಪೆಷಲ್ ಡಿಫೆನ್ಸ್ 306 ಇದ್ದದ್ದು 369 ಆಗುತ್ತದೆ, ಐದರಲ್ಲೊಂದು ಪಾಲು ಹೆಚ್ಚಳ. ಅದೇ 63ನ್ನು ಡಿಫೆನ್ಸಿಗೆ ಹಾಕಿದರೆ 56 ಇದ್ದದ್ದು 119. ಡಿಫೆನ್ಸನ್ನು ಹತ್ತು ಶೇಕಡಾ ಏರಿಸುವ ಸ್ವಭಾವ ಆರಿಸಿಕೊಂಡರೆ 130. ತಡೆ ಇಮ್ಮಡಿಯಾದರೆ ಏಟು ಅರ್ಧವಾಗುತ್ತದೆ. ಗಣಿತದಲ್ಲಿ ತೊಂಬತ್ತೈದು ತೆಗೆಯುವ ಹುಡುಗನನ್ನೇ ಗಣಿತದ ಟ್ಯೂಷನ್ನಿಗೆ ಕಳಿಸುವ ಅಪ್ಪಂದಿರನ್ನು ನಾನೇ ಎಷ್ಟು ಬೈದಿಲ್ಲ!

ಆಮೇಲೆ ಆಟ ಬದಲಾಯಿತು. ಮಗಳ ಸ್ಟಾರ್ಮಿ ‘ಹೈಡ್ರೋ ಪಂಪ್’ ಎಂಬ ನೀರಿನ ಏಟು ಚಿಮ್ಮಿಸಿದಾಗ ಬ್ಲಿಸಿಯನ್ನು ಕಳಿಸಿದೆ. ಬೇರಾವ ನೆರವೂ ಇಲ್ಲದ ಆ ಹೈಡ್ರೋ ಪಂಪ್ ಕಿತ್ತದ್ದು ಸುಮಾರು ಐದರಲ್ಲೊಂದು ಪಾಲು ಜೀವ. ‘ಸಾಫ್ಟ್‌ಬಾಯಿಲ್ಡ್’ ಮಾಡಿದರೆ ಅರ್ಧ ಜೀವ ವಾಪಸ್. ‘ಲೆಫ್ಟೋವರ್ಸ್’ ಎಂಬ ತಿಂಡಿ ಕೈಯಲ್ಲಿದ್ದರೆ ಪ್ರತಿ ಟರ್ನ್‌ಗೂ ಹದಿನಾರನೇ ಒಂದು ಪಾಲು. ಇವಳ ತೋಳಿನಲ್ಲಿ ಶಕ್ತಿಯಿಲ್ಲ, ಆದರೂ ‘ಸೈಸ್ಮಿಕ್ ಟಾಸ್’ ಎಂಬ ಏಟಿಗೆ ಶಕ್ತಿಯ ಹಂಗಿಲ್ಲ: ಹೊಡೆಯುವವರ ಹಂತ ಎಷ್ಟೋ ಅಷ್ಟು, ಅಂದರೆ 100 ಕಳೆಯುತ್ತದೆ.

ಇನ್ನು ಸೋಲೇ ಇಲ್ಲ ಎಂದುಕೊಂಡು ಬ್ಲಿಸಿಯನ್ನು ಕಣದಲ್ಲೇ ಕೂರಿಸಿದೆ. ಎದುರಿಗೆ ಗುದ್ದುವ ಲುಕಾರಿಯೋ ಬಂತು. ನಾನು ಜೀವ ತುಂಬಿಕೊಳ್ಳುತ್ತಿದ್ದೆ. ಅದು ಹೊಡೆಯಲೇ ಇಲ್ಲ, ‘ಸ್ವೋರ್ಡ್ಸ್ ಡ್ಯಾನ್ಸ್’ ಕುಣಿದು ತನ್ನ ಶಕ್ತಿಯನ್ನು ಇಮ್ಮಡಿ ಮಾಡಿಕೊಂಡಿತು. ಮುಂದಿನ ಗುದ್ದಿಗೆ ಬ್ಲಿಸಿ ಮಲಗಿದಳು. ಹಿಂದೆಯೇ ಇನ್ನಿಬ್ಬರು. "ಸುಮ್ನೆ ಕೂತ್ರೆ ಎದುರಾಳಿಗೆ ಪುಕ್ಕಟೆ ಟರ್ನ್ ಕೊಟ್ಟ ಹಾಗೆ. ಅವಳ ಕೆಲಸ ಮುಗೀತಿದ್ದ ಹಾಗೆ ಹೊರಗೆ ಕರೀಬೇಕು" ಅಂದಳು ಮಗಳು.

ಗೋಡೆಯೆಂದರೆ ಮರೆಯಲ್ಲಿ ಕೂರುವುದಕ್ಕೆ ಎಂದುಕೊಂಡಿದ್ದೆ. ಅಲ್ಲ, ಅದು ಟರ್ನ್ ಸಂಪಾದಿಸುವುದಕ್ಕೆ. ಗುದ್ದುವವರು ಬಂದರೆ ಬ್ಲಿಸಿಯನ್ನು ಕರೆದು ಉಕ್ಕಿನ ಹಕ್ಕಿ ಸ್ಕಾರ್ಮರಿಯನ್ನು ಕಳಿಸಬೇಕು. ಅದರ ಮೂಲ ಡಿಫೆನ್ಸ್ 140. ಬೆಂಕಿ, ಮಿಂಚು ಬಂದರೆ ಮತ್ತೆ ಬ್ಲಿಸಿ. ನಡುವೆ ಸಿಕ್ಕ ಟರ್ನ್‌ನಲ್ಲಿ ಸ್ಕಾರ್ಮರಿ ಎದುರಾಳಿಯ ಅಂಗಳದಲ್ಲಿ ಮುಳ್ಳು ಹರಡುತ್ತದೆ. ಮೂರು ಸಲ ಹರಡಿದರೆ, ಹಾರಾಡುವವರನ್ನು ಬಿಟ್ಟು ಒಳಗೆ ಕಾಲಿಟ್ಟವರ ಕಾಲು ಪಾಲು ಜೀವ ಅಲ್ಲೇ ಹೋಗುತ್ತದೆ. ಆಮೇಲೆ ‘ವರ್ಲ್‌ವಿಂಡ್’ ಬೀಸಿ ಎದುರಾಳಿಯನ್ನು ಬಲವಂತವಾಗಿ ಬದಲಾಯಿಸಬಹುದು. ಬಂದವರೆಲ್ಲ ಮುಳ್ಳು ತುಳಿಯಬೇಕು. ಬ್ಲಿಸಿ–ಸ್ಕಾರ್ಮರಿ ಜೋಡಿಗೆ ಆಟಗಾರರು ‘ಸ್ಕಾರ್ಮ್‌ಬ್ಲಿಸ್’ ಎಂದು ಹೆಸರಿಟ್ಟದ್ದು ಇದಕ್ಕೇ.

ಏಟು ತಿನ್ನುವವರಿಗೆ ದೊಡ್ಡ ಅಂಕವೇ ಬೇಕೆಂದೇನಿಲ್ಲ. 2014ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ತಂದದ್ದು ಪಚಿರಿಸು ಎಂಬ ಅಳಿಲನ್ನು. ಜೀವದ ಮೂಲ ಅಂಕ 60, ಯಾರ ಲೆಕ್ಕಕ್ಕೂ ಇಲ್ಲದ್ದು. ಅಲ್ಲಿ ಕಣದಲ್ಲಿ ಇಬ್ಬಿಬ್ಬರು. ಅಳಿಲು ‘ಫಾಲೋ ಮಿ’ ಎಂದು ಎದುರಾಳಿಯ ಏಟನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಪಕ್ಕದ ಜೊತೆಗಾರ ಗ್ಯಾರಡಾಸ್‌ಗೆ ಮಿಂಚು ಮಾರಕ, ಇದಕ್ಕೋ ಮಿಂಚೇ ಊಟ, ಜೀವ ಏರುತ್ತದೆ. ಆ ವರ್ಷದ ವಿಶ್ವ ಚಾಂಪಿಯನ್ ಪಾರ್ಕ್ ಅವರೇ ಆದರು.

ಆಡಲು ಮನಸ್ಸಾದವರಿಗೆ ನನ್ನದೊಂದೇ ಮಾತು. ರಕ್ಷಕನನ್ನು ಆರಿಸುವಾಗ ಅವನು ಏನು ತಡೆಯುತ್ತಾನೆ ಎಂದು ಬರೆದುಕೊಳ್ಳುವ ಮೊದಲು ಏನನ್ನು ತಡೆಯಲಾರ ಎಂದು ಬರೆದುಕೊಳ್ಳಿ. ಜೊತೆಗಾರ ಯಾರಿರಬೇಕೆಂದು ಆ ಪಟ್ಟಿಯೇ ಹೇಳುತ್ತದೆ. ಮಗಳೊಂದಿಗೆ ಇದುವರೆಗೆ ನಲವತ್ತು ಆಟ ಆಡಿದ್ದೇನೆ, ಹನ್ನೊಂದು ಗೆದ್ದಿದ್ದೇನೆ. ಹನ್ನೊಂದರಲ್ಲೂ ಬ್ಲಿಸಿ ಇದ್ದಳು.