ಜನವರಿಯೋ, ಏಪ್ರಿಲ್ಲೋ, ಇಲ್ಲಾ ಮುಂದಿನ ವರ್ಷವೋ

ನವೆಂಬರ್ ಬಂತೆಂದರೆ ದ್ವಿತೀಯ ಪಿಯು ಮಕ್ಕಳ ಅಪ್ಪ ಅಮ್ಮಂದಿರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಜನವರಿ ಜೆಇಇ ಬರೆಸ್ಬೇಕಾ, ಏಪ್ರಿಲ್‌ದು ಬರೆದ್ರೆ ಸಾಕಾ?’ ತಿಪಟೂರು ಕಡೆಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು ನಾನು. ಪ್ರಶ್ನೆ ನವೆಂಬರ್‌ನಲ್ಲೇ ಬರುವುದಕ್ಕೆ ಕಾರಣವಿದೆ. 2025ರ ಜನವರಿ ಪರೀಕ್ಷೆಗೆ ಅರ್ಜಿ ಹಾಕಲು ಕೊಟ್ಟ ಕೊನೆಯ ದಿನ 2024ರ ನವೆಂಬರ್ 22. ಮಗು ಇನ್ನೂ ಅರ್ಧ ಪಾಠ ಮುಗಿಸಿರುವ ಹೊತ್ತಿಗೆ ಮನೆಯವರು ತೀರ್ಮಾನ ಮಾಡಬೇಕು. ಪಕ್ಕದ ಮನೆಯ ಹುಡುಗ ಅರ್ಜಿ ಹಾಕಿದ್ದಾನೆ, ಅಣ್ಣನ ಮಗಳು ಹಾಕಿದ್ದಾಳೆ, ನಮ್ಮದು ಮಾತ್ರ ಹಿಂದೆ ಬೀಳಬಾರದು ಎಂಬ ದಿಗಿಲಿನಲ್ಲಿ ಸೈಬರ್ ಸೆಂಟರ್‌ಗೆ ಹೋಗಿ ಅರ್ಜಿ ತುಂಬಿಸಿಬಿಡುತ್ತಾರೆ. ಆಮೇಲೆ ನನ್ನ ಹತ್ತಿರ ಬರುತ್ತಾರೆ.

ಯಾವ ಪರೀಕ್ಷೆ ಯಾವಾಗ ಬರೆಯಬೇಕು ಎಂದು ಹೇಳುವ ಮೊದಲು ನಮ್ಮ ಮಕ್ಕಳ ಆ ಐದು ತಿಂಗಳು ಹೇಗಿರುತ್ತವೆ ಎಂದು ನೋಡಬೇಕು. 2025ರದ್ದನ್ನೇ ತೆಗೆದುಕೊಳ್ಳಿ. ಜನವರಿಯಲ್ಲಿ ಪ್ರಿಪರೇಟರಿ, ಅದರ ಬೆನ್ನಿಗೇ ಪ್ರಾಕ್ಟಿಕಲ್. ಜನವರಿ 22ರಿಂದ 30ರ ನಡುವೆ ಜೆಇಇ ಮೇನ್ ಮೊದಲ ಸುತ್ತು. ಮಾರ್ಚ್ 1ರಿಂದ 20ರವರೆಗೆ ದ್ವಿತೀಯ ಪಿಯು ಪರೀಕ್ಷೆ-1. ಏಪ್ರಿಲ್ ಎರಡರಿಂದ ಜೆಇಇ ಎರಡನೇ ಸುತ್ತು. ಏಪ್ರಿಲ್ 16, 17ಕ್ಕೆ ಸಿಇಟಿ. ಮೇ 4ಕ್ಕೆ ನೀಟ್, ಅದೇ ತಿಂಗಳಲ್ಲಿ ಕಾಮೆಡ್‌-ಕೆ. ಹದಿನೇಳು ವರ್ಷದ ಮಗು ಇದೆಲ್ಲವನ್ನೂ ಒಂದೇ ಕಸುವಿನಿಂದ ಬರೆಯುತ್ತದೆ ಎಂದುಕೊಳ್ಳುವುದು ನ್ಯಾಯವಲ್ಲ. ಇವುಗಳಲ್ಲಿ ಒಂದು ಮುಖ್ಯವಾಗಬೇಕು. ಉಳಿದವು ಅದರ ಅನುಕೂಲ ನೋಡಿಕೊಂಡು ಬರಬೇಕು.

ಅದು ಯಾವುದು? ನಮ್ಮ ಕಡೆಯ ಹೆಚ್ಚಿನ ಮಕ್ಕಳು ಕೊನೆಗೆ ಸೀಟು ಪಡೆಯುವುದು ಸಿಇಟಿಯಿಂದ. ಆದರೆ ಆ ಸಿಇಟಿಯ ಅರ್ಧ ಭಾಗ ಮಾರ್ಚ್‌ನಲ್ಲೇ ಮುಗಿದಿರುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಪಿಯು ಪರೀಕ್ಷೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ. ಪಿಯುನಲ್ಲಿ ಮೂರು ವಿಷಯಕ್ಕೆ 300 ಅಂಕ, ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180. ಎರಡನ್ನೂ ಐವತ್ತಕ್ಕೆ ಇಳಿಸಿ ಕೂಡುತ್ತಾರೆ. ಒಬ್ಬಳಿಗೆ ಪಿಯುನಲ್ಲಿ 270, ಸಿಇಟಿಯಲ್ಲಿ 90 ಬಂತು ಎನ್ನಿ. ಮೊದಲನೆಯದು 45, ಎರಡನೆಯದು 25, ಒಟ್ಟು 70. ಅವಳು ಮಾರ್ಚ್‌ನಲ್ಲಿ ಇನ್ನೂ 15 ಅಂಕ ತೆಗೆದಿದ್ದರೆ ಎರಡೂವರೆ ಹೆಚ್ಚಾಗುತ್ತಿತ್ತು. ಅದೇ ಎರಡೂವರೆಯನ್ನು ಸಿಇಟಿಯಲ್ಲಿ ಗಳಿಸಲು ಒಂಬತ್ತು ಪ್ರಶ್ನೆ ಹೆಚ್ಚು ಸರಿ ಮಾಡಬೇಕು. ಪಿಯುವಿನ ಐದು ಅಂಕ ಸಿಇಟಿಯ ಮೂರು ಪ್ರಶ್ನೆಗೆ ಸಮ. ಎಂಬತ್ತು ನಿಮಿಷದಲ್ಲಿ ಅರವತ್ತು ಪ್ರಶ್ನೆ ಬಿಡಿಸುವ ಕಡೆ ಒಂಬತ್ತು ಹೆಚ್ಚಿಸಿಕೊಳ್ಳುವುದು ಕಷ್ಟವೋ, ಮೂರು ವಿಷಯದಲ್ಲಿ ಐದೈದು ಅಂಕ ಹೆಚ್ಚಿಸಿಕೊಳ್ಳುವುದು ಕಷ್ಟವೋ, ಮಗುವಿನ ಜೊತೆ ಕೂತು ಯೋಚಿಸಿ. ಭೌತಶಾಸ್ತ್ರದ ಪ್ರಾಕ್ಟಿಕಲ್‌ಗೇ 30 ಅಂಕ ಇದೆ. ಜೆಇಇ ಗಡಿಬಿಡಿಯಲ್ಲಿ ರೆಕಾರ್ಡ್ ಬರೆಯದೆ, ಪ್ರಯೋಗದ ಸಾಲಿನಲ್ಲಿ ಕೈ ನಡುಗಿಸಿಕೊಂಡು ನಿಲ್ಲುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಬೇಜಾರಾಗುತ್ತದೆ.

ಕಳೆದ ನವೆಂಬರ್‌ನಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಒಂದೂವರೆ ಎಕರೆ ತೆಂಗಿನ ತೋಟ, ಮಗಳು ಹತ್ತನೆಯಲ್ಲಿ ಚೆನ್ನಾಗಿ ಅಂಕ ತೆಗೆದವಳು. ‘ಬರೆಸ್ಲಾ ಬೇಡ್ವಾ ನೀವೇ ಹೇಳಿ ಮೇಡಂ’ ಅಂದರು. ಹೇಳುವ ಬದಲು ಹಿಂದಿನ ವಾರ ಅವಳು ಬರೆದಿದ್ದ ಮಾಕ್ ಟೆಸ್ಟ್ ತರಿಸಿದೆ. ಮೂರು ಬಣ್ಣದ ಪೆನ್ನು ಕೊಟ್ಟೆ. ಪಾಠವೇ ಗೊತ್ತಿಲ್ಲದೆ ತಪ್ಪಾದದ್ದಕ್ಕೆ ಕೆಂಪು, ಗೊತ್ತಿದ್ದೂ ಲೆಕ್ಕದಲ್ಲಿ ಜಾರಿದ್ದಕ್ಕೆ ನೀಲಿ, ಹೊತ್ತು ಸಾಲದೆ ಬಿಟ್ಟಿದ್ದಕ್ಕೆ ಹಸಿರು ಗೆರೆ ಎಳೆ ಎಂದೆ. ಅಮ್ಮ ಪಕ್ಕದ ಬೆಂಚಿನಲ್ಲಿ ಕೂತು ನೋಡುತ್ತಿದ್ದರು. ಗೆರೆ ಎಳೆದು ಮುಗಿದಾಗ ಹಾಳೆಯಲ್ಲಿ ಕೆಂಪೇ ಕೆಂಪು. ಆ ಕೆಂಪಿನ ಮುಕ್ಕಾಲು ಭಾಗ ಪ್ರಥಮ ಪಿಯು ಪಾಠದ್ದು: ಆವರ್ತ ಚಲನೆ, ಉಷ್ಣಗತಿಶಾಸ್ತ್ರ, ಅಲೆಗಳು. ದ್ವಿತೀಯ ಪಿಯುವಿನ ವಿದ್ಯುತ್ ಭಾಗದಲ್ಲಿ ಒಂದೇ ಕೆಂಪು. ಹುಡುಗಿ ದಡ್ಡಿಯಲ್ಲ, ತಯಾರಿಲ್ಲದವಳೂ ಅಲ್ಲ. ಮೊದಲ ವರ್ಷದ ಪುಸ್ತಕವನ್ನು ಮುಚ್ಚಿಟ್ಟು ಎಂಟು ತಿಂಗಳಾಗಿದೆ, ಅಷ್ಟೆ. ಜೆಇಇ, ಸಿಇಟಿ, ನೀಟ್ ಮೂರೂ ಎರಡೂ ವರ್ಷದ ಪಾಠ ಕೇಳುತ್ತವೆ. ಪಿಯು ಪರೀಕ್ಷೆ ಎರಡನೇ ವರ್ಷದ್ದನ್ನು ಮಾತ್ರ ಕೇಳುತ್ತದೆ. ಅವಳಿಗೆ ಏಪ್ರಿಲ್ ಸರಿ ಎಂದು ಆ ಹಾಳೆಯೇ ಹೇಳಿತು. ಮಾರ್ಚ್ 20ಕ್ಕೆ ಪಿಯು ಮುಗಿದ ಮೇಲೆ ಸಿಇಟಿಗೆ ಸಿಗುವ ದಿನಗಳನ್ನು ಕೆಂಪು ಗೆರೆಯ ಪಾಠಗಳಿಗೆ ಹಂಚಿ ಅಲ್ಲೇ ಬರೆದುಕೊಂಡೆವು. ಮಧ್ಯದಲ್ಲಿ ಬರುವ ಜೆಇಇ ಎರಡನೇ ಸುತ್ತು ಅದೇ ಓದಿನ ಮೇಲೆ ಬರೆದರಾಯಿತು.

ಹಾಳೆಯಲ್ಲಿ ನೀಲಿ ಹಸಿರು ಹೆಚ್ಚಿದ್ದರೆ ನನ್ನ ಉತ್ತರ ಬೇರೆ. ಅಂಥ ಮಗುವಿಗೆ ಪಾಠ ಬಂದಿದೆ, ಬೇಕಾಗಿರುವುದು ಪರೀಕ್ಷೆಯ ರೂಢಿ. ಜೆಇಇ ಮೇನ್ ಕಂಪ್ಯೂಟರ್ ಮೇಲೆ ನಡೆಯುತ್ತದೆ, ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ. ಸಿಇಟಿಯಲ್ಲಿ ಹಾಗಿಲ್ಲ, ಓಎಂಆರ್ ಹಾಳೆ, ತಪ್ಪಿಗೆ ಕಡಿತವೂ ಇಲ್ಲ. ಜನವರಿಯಲ್ಲಿ ಒಂದು ಸಲ ತುಮಕೂರಿಗೋ ಹಾಸನಕ್ಕೋ ಹೋಗಿ ಕಂಪ್ಯೂಟರ್ ಮುಂದೆ ಕೂತು ಬಂದರೆ ಏಪ್ರಿಲ್‌ಗೆ ಭಯ ಇಳಿಯುತ್ತದೆ. ಎರಡೂ ಸುತ್ತು ಬರೆದವರಿಗೆ ಹೆಚ್ಚು ಬಂದ ಸ್ಕೋರನ್ನೇ ರ್‍ಯಾಂಕ್‌ಗೆ ತೆಗೆದುಕೊಳ್ಳುವುದರಿಂದ ಕೆಟ್ಟ ಜನವರಿ ಒಳ್ಳೆಯ ಏಪ್ರಿಲ್ಲನ್ನು ಕೆಳಗೆಳೆಯುವುದಿಲ್ಲ. ಇಂಟಿಗ್ರೇಟೆಡ್ ಕೋಚಿಂಗ್‌ನಲ್ಲಿ ಪಾಠ ಮೊದಲೇ ಮುಗಿಸಿ, ಎನ್‌ಐಟಿಯನ್ನೇ ಗುರಿ ಇಟ್ಟುಕೊಂಡ ಮಗು ಎರಡೂ ಬರೆಯಲಿ. ಅವರಿಗೆ ನಾನು ಬೇಡ ಎನ್ನುವುದಿಲ್ಲ.

‘ಜನವರಿ ಪೇಪರ್ ಸುಲಭವಂತೆ’ ಎಂಬ ಮಾತಿಗೆ ಮಾತ್ರ ಯಾರೂ ಕಿವಿಗೊಡಬೇಡಿ. ಜೆಇಇ ಮೇನ್ ಹಲವು ದಿನ, ದಿನಕ್ಕೆ ಎರಡು ಪಾಳಿಯಲ್ಲಿ ನಡೆಯುತ್ತದೆ. ಮಗುವಿನ ಅಂಕವನ್ನು ಅದೇ ಪಾಳಿಯಲ್ಲಿ ಬರೆದವರ ಜೊತೆ ಹೋಲಿಸಿ ಪರ್ಸೆಂಟೈಲ್ ಕೊಡುತ್ತಾರೆ. 96 ಪರ್ಸೆಂಟೈಲ್ ಎಂದರೆ ಆ ಪಾಳಿಯ ನೂರಕ್ಕೆ 96 ಮಂದಿ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಪಡೆದಿದ್ದಾರೆ ಎಂದರ್ಥ. ಪೇಪರ್ ಸುಲಭವಾದರೆ ಎಲ್ಲರಿಗೂ ಸುಲಭ, ಕಷ್ಟವಾದರೆ ಎಲ್ಲರಿಗೂ ಕಷ್ಟ.

ಜನವರಿಯ ಬಗ್ಗೆ ನನಗಿರುವ ಆತಂಕ ಫಲಿತಾಂಶದ್ದು. 2025ರಲ್ಲಿ ಅದು ಬಂದದ್ದು ಫೆಬ್ರುವರಿ 11ಕ್ಕೆ. ಪಿಯು ಪರೀಕ್ಷೆಗೆ ಮೂರು ವಾರವೂ ಉಳಿದಿರಲಿಲ್ಲ. ಅರೆಬರೆ ಓದಿ ಬರೆದ ಮಗುವಿಗೆ 60 ಪರ್ಸೆಂಟೈಲ್ ಬರುತ್ತದೆ. ಮನೆಯಲ್ಲಿ ಯಾರೂ ಬೈಯದಿದ್ದರೂ ಅದು ತಾನು ಯಾವುದಕ್ಕೂ ಬಾರದವಳು ಎಂದು ನಂಬಿಬಿಡುತ್ತದೆ. ಆ ಮೂರು ವಾರ ಪುಸ್ತಕ ಹಿಡಿದು ಕೂತರೂ ಓದು ತಲೆಗೆ ಹತ್ತುವುದಿಲ್ಲ. ಪಿಯು, ಸಿಇಟಿ ಎರಡಕ್ಕೂ ಪೆಟ್ಟು. ಅನುಭವಕ್ಕೆಂದು ಬರೆಸಿದೆವು ಎನ್ನುವ ಅಪ್ಪ ಅಮ್ಮ ಆ ಮಾತನ್ನು ಪರೀಕ್ಷೆಗೆ ಮೊದಲೇ, ಮಗುವಿಗೆ ನಂಬಿಕೆಯಾಗುವಂತೆ ಹೇಳಿರಬೇಕು. ನಂಬಿಕೆಯಾಗದು ಅನಿಸಿದರೆ ಬರೆಸಬಾರದು.

ವೈದ್ಯಕೀಯಕ್ಕೆ ಹೋಗುವವರಿಗೆ ಈ ಜನವರಿ–ಏಪ್ರಿಲ್ ಗೊಂದಲವಿಲ್ಲ. ನೀಟ್ ವರ್ಷಕ್ಕೆ ಒಂದೇ ಸಲ. ಆದರೆ ಅದಕ್ಕೊಂದು ವಯಸ್ಸಿನ ಲೆಕ್ಕ ಇದೆ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಬೇಗ ಶಾಲೆಗೆ ಸೇರಿಸಿದ ಮಕ್ಕಳು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. 2009ರ ಜನವರಿಯಲ್ಲಿ ಹುಟ್ಟಿದ ಮಗು 2025ರಲ್ಲಿ ದ್ವಿತೀಯ ಪಿಯು ಪಾಸಾಗಿದ್ದರೂ ಆ ವರ್ಷ ನೀಟ್ ಬರೆಯುವಂತಿರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕವನ್ನು ಪ್ರಥಮ ಪಿಯುಗೆ ಸೇರಿಸುವಾಗಲೇ ನೋಡಿಕೊಳ್ಳಿ. ಕೋಚಿಂಗ್ ಫೀಸು ಕಟ್ಟಿದ ಮೇಲೆ ತಿಳಿದರೆ ದುಡ್ಡೂ ಹೋಯಿತು, ಮಗುವಿನ ಉತ್ಸಾಹವೂ ಹೋಯಿತು.

ಇನ್ನು ಲಾಂಗ್ ಟರ್ಮ್. ಒಂದು ವರ್ಷ ಬಿಟ್ಟು ಮತ್ತೆ ಬರೆಯುವುದು. ಇದನ್ನು ಫಲಿತಾಂಶ ಬಂದ ಮೇಲೆ ಮಾತಾಡಬೇಕು. ‘ಈ ಸಲ ಆಗದಿದ್ದರೆ ಲಾಂಗ್ ಟರ್ಮ್ ಹಾಕ್ಸೋಣ ಬಿಡಿ’ ಎಂದು ಡಿಸೆಂಬರ್‌ನಲ್ಲೇ ಮಗುವಿನ ಎದುರು ಅಂದುಬಿಟ್ಟರೆ ಈ ಸಲದ ಓದು ಅಲ್ಲಿಗೆ ಸಡಿಲವಾಗುತ್ತದೆ. ನಿಯಮಗಳನ್ನೂ ತಿಳಿದಿರಬೇಕು. ಜೆಇಇ ಮೇನ್ ಅನ್ನು ಪಾಸಾದ ವರ್ಷ ಸೇರಿ ಸತತ ಮೂರು ವರ್ಷ ಬರೆಯಬಹುದು. ಐಐಟಿಯ ಅಡ್ವಾನ್ಸ್‌ಡ್ ಸತತ ಎರಡು ವರ್ಷ, ಎರಡೇ ಸಲ. 2024ರ ನವೆಂಬರ್ 5ರಂದು ಅದನ್ನು ಮೂರು ಸಲಕ್ಕೆ ಏರಿಸಿದೆವು ಎಂದು ಪ್ರಕಟಿಸಿ, ಕೆಲವೇ ದಿನಗಳಲ್ಲಿ ಹಿಂತೆಗೆದರು. ಆ ಮಾತು ನಂಬಿ ಸೇರಿದ್ದ ಕಾಲೇಜು ಬಿಟ್ಟು ಬಂದ ಮಕ್ಕಳು ಸುಪ್ರೀಂ ಕೋರ್ಟ್‌ಗೆ ಹೋಗಬೇಕಾಯಿತು. ನವೆಂಬರ್ 5ರಿಂದ 18ರ ನಡುವೆ ಕಾಲೇಜು ಬಿಟ್ಟವರಿಗೆ ಅವಕಾಶ ಕೊಡಿ ಎಂದು 2025ರ ಜನವರಿಯಲ್ಲಿ ನ್ಯಾಯಾಲಯ ಹೇಳಿತು. ನಮ್ಮ ಸಿಇಟಿಯಲ್ಲೂ ಇಂಥದ್ದು ನಡೆದಿದೆ. ಕೋವಿಡ್‌ನಿಂದ 2021ರಲ್ಲಿ ಪಿಯು ಪರೀಕ್ಷೆ ನಡೆಯದೆ ಸಿಇಟಿ ಅಂಕವೊಂದರ ಮೇಲೆಯೇ ರ್‍ಯಾಂಕ್ ಕೊಟ್ಟಿದ್ದರು. ಆ ಮಕ್ಕಳಲ್ಲಿ ಎಷ್ಟೋ ಮಂದಿ 2022ರಲ್ಲಿ ಮತ್ತೆ ಬರೆದಾಗ ಅವರ ಪಿಯು ಅಂಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ರ್‍ಯಾಂಕ್ ಪಾತಾಳಕ್ಕೆ ಹೋಯಿತು. ಹೈಕೋರ್ಟ್‌ವರೆಗೆ ಹೋಗಿ, ಅವರ ಅಂಕದಲ್ಲಿ ಒಂದಿಷ್ಟು ಕಳೆದು ಪರಿಗಣಿಸುವ ಸೂತ್ರ ಸಿಗುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ವರ್ಷ ಬಿಡುವವರು ಬರುವ ವರ್ಷದ ನಿಯಮ ಈ ವರ್ಷದಂತೆಯೇ ಇರುತ್ತದೆ ಎಂದು ನಂಬಿ ಬಿಡುತ್ತಾರೆ. ಆ ನಂಬಿಕೆಗೆ ಯಾರೂ ಜಾಮೀನು ಕೊಟ್ಟಿಲ್ಲ.

ವರ್ಷ ಬಿಡಲಿ ಎನ್ನಲು ನನಗೆ ಬೇಕಾದದ್ದು ಎರಡೇ. ತಪ್ಪಿದ ಪ್ರಶ್ನೆಗಳಲ್ಲಿ ಕೆಂಪು ಎಲ್ಲಿದೆ ಎಂದು ಮಗು ತಾನೇ ತೋರಿಸಬೇಕು. ಮತ್ತೆ ಓದುತ್ತೇನೆ ಎನ್ನುವ ಮಾತು ಅದರ ಬಾಯಿಂದಲೇ ಬರಬೇಕು. ಪಿಯು ಅಂಕ ಕಡಿಮೆಯಿದ್ದರೆ ಅದಕ್ಕೆ ಇಡೀ ವರ್ಷ ಬೇಕಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ-2 ಬರೆಯುವ ಅವಕಾಶವಿದೆ, ಎರಡರಲ್ಲಿ ಹೆಚ್ಚು ಬಂದದ್ದು ಉಳಿಯುತ್ತದೆ.

ಈ ವಿಷಯದಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಬೇರೆಯೇ. ವರ್ಷ ಬಿಡುವ ಅವಕಾಶ ನಮ್ಮ ಮನೆಗಳಲ್ಲಿ ಸಿಗುವುದು ಹುಡುಗರಿಗೆ. ಒಂದೇ ಮನೆಯ ಅಣ್ಣನನ್ನು ಹಾಸ್ಟೆಲ್ ಫೀಸು ಕಟ್ಟಿ ಮಂಗಳೂರಿಗೆ ಲಾಂಗ್ ಟರ್ಮ್‌ಗೆ ಕಳಿಸಿದ್ದರು. ಎರಡು ವರ್ಷದ ನಂತರ ತಂಗಿಯ ಸರದಿ ಬಂದಾಗ, ಅಣ್ಣನಿಗಿಂತ ಒಳ್ಳೆಯ ಅಂಕವಿದ್ದರೂ, ‘ಊರಲ್ಲೇ ಬಿಎಸ್ಸಿ ಸೇರ್ಕೊಳ್ಳಮ್ಮ, ಒಂದು ವರ್ಷ ಯಾಕೆ ಸುಮ್ನೆ’ ಎಂದು ಮುಗಿಸಿದರು. ನಾನು ಅವರ ಮನೆಗೇ ಹೋದೆ. ಜಗಲಿಯ ಮೇಲೆ ಅವಳ ಅಪ್ಪ ಕೊಬ್ಬರಿ ಒಡೆಯುತ್ತಿದ್ದರು. ‘ಗೌಡ್ರೇ, ಮಗನಿಗೆ ಕೇಳಿದ್ರಲ್ಲ, ಏನ್ ಮಾಡ್ತೀಯಪ್ಪಾ ಅಂತ, ಅದನ್ನ ಇವಳಿಗೂ ಕೇಳಿ’ ಎಂದೆ. ಬಹಳ ಹೊತ್ತು ಮಾತಾಡಿದೆವು. ಫೀಸಿನ ಮಾತು, ಹಾಸ್ಟೆಲ್‌ನ ಮಾತು, ಮದುವೆಯ ಮಾತೂ ಬಂತು. ಕೊನೆಗೆ ಅವರು ಒಳಗೆ ಕೂಗಿದರು: ‘ಬಾರಮ್ಮ ಇಲ್ಲಿ. ಇನ್ನೊಂದ್ಸಲ ಬರೀತೀಯಾ?’

ಅವಳು ಬರೆಯುವುದಿಲ್ಲ ಎಂದಳು. ತನಗೆ ಬೇಕಿರುವುದು ಎಂಜಿನಿಯರಿಂಗ್, ಇರುವ ರ್‍ಯಾಂಕ್‌ಗೆ ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸಿಗಬಹುದು, ಆಪ್ಷನ್ ಎಂಟ್ರಿಯಲ್ಲಿ ಅದನ್ನು ಮೇಲೆ ಹಾಕುತ್ತೇನೆ, ಬಿಎಸ್ಸಿ ಮಾತ್ರ ಬೇಡ ಎಂದಳು. ಹಿಂದಿನ ವರ್ಷದ ಕಟ್-ಆಫ್ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಎರಡನೇ ಸುತ್ತಿನಲ್ಲಿ ಅಲ್ಲೇ ಸೀಟು ಸಿಕ್ಕಿತು. ಈಗ ಮೂರನೇ ಸೆಮಿಸ್ಟರ್.