ಹಲಗೆ ಬಾಗದಿರಲಿ

ನಮ್ಮ ಮನೆಯ ಗೋಡೆಗೆ ಮರದ ಹಲಗೆ ಇರುತ್ತದೆ. ಅದರ ಮೇಲೆ ಪಾತ್ರೆ, ಕಾಳಿನ ಡಬ್ಬಿ ಇಡುತ್ತೇವೆ. ಬರಬರುತ್ತಾ ಹಲಗೆ ನಡುವೆ ಬಾಗುತ್ತದೆ. ಒಂದು ದಿನ ಮುರಿದು ಬಿದ್ದರೆ? ಕೆಳಗೆ ಮಕ್ಕಳು ಮಲಗಿರಬಹುದು!

ಹಲಗೆ ಯಾಕೆ ಬಾಗುತ್ತೆ? ಮಾಡಿ ನೋಡೋಣ.

ಎರಡು ಪುಸ್ತಕ ದೂರ ದೂರ ಇಡೋಣ. ಅವುಗಳ ಮೇಲೆ ಮಕ್ಕಳ ಸ್ಕೇಲು ಮಲಗಿಸೋಣ. ನಡುವೆ ಬೆರಳಿಂದ ಒತ್ತೋಣ. ಸ್ಕೇಲು ಬಾಗುತ್ತೆ. ಪುಸ್ತಕಗಳನ್ನು ಹತ್ತಿರ ತಂದು ಒತ್ತಿದರೆ ಅಷ್ಟು ಬಾಗೋದಿಲ್ಲ. ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಡಿದು ಒತ್ತಿದರೆ? ಬಾಗೋದೇ ಇಲ್ಲ. ಗುಟ್ಟು ಇಲ್ಲೇ ಇದೆ.

1. ಆಸರೆ ಹತ್ತಿರ ಇರಲಿ. 4 ಅಡಿ ಹಲಗೆಗೆ ತುದಿಗಳಲ್ಲಿ ಮಾತ್ರ ಆಸರೆ ಸಾಲದು. ನಡುವೆಯೂ ಒಂದು ಗೂಟ ಬೇಕು.

2. ಹಲಗೆ ದಪ್ಪ ಇರಲಿ. ದಪ್ಪ 2 ಪಟ್ಟು ಆದರೆ, ಅದೇ ಭಾರಕ್ಕೆ ಬಾಗುವುದು 8ರಲ್ಲಿ 1 ಪಾಲು ಮಾತ್ರ.

3. ತೆಳು ಹಲಗೆಯ ಮುಂದಿನ ಅಂಚಿನ ಕೆಳಗೆ ಉದ್ದಕ್ಕೂ ಮರದ ಪಟ್ಟಿ ಕೊಡೋಣ. ಪಟ್ಟಿ ಮಲಗಿರಬಾರದು, ಅಂಚಿನ ಮೇಲೆ ನಿಂತಿರಬೇಕು. ಸ್ಕ್ರೂ ಹಾಕಿ ಬಿಗಿಯೋಣ.

4. ಭಾರದ ಸಾಮಾನು ಆಸರೆಯ ಹತ್ತಿರ, ಹಗುರದ್ದು ನಡುವೆ ಇರಲಿ. 10 ಲೀಟರ್ ಕೊಡದ ನೀರೇ 10 ಕಿಲೋ ತೂಗುತ್ತೆ. ಕೊಡ ನೆಲದ ಮೇಲೇ ಇರಲಿ.

5. ಹಲಗೆಗೆ ನೀರು ತಾಗದಿರಲಿ. ನೆಂದ ಮರಕ್ಕೆ ಬಲ ಕಡಿಮೆ.

ಮರ ಬಹಳ ದಿನ ಭಾರ ಹೊತ್ತರೆ ಬಾಗಿದ ಹಾಗೇ ಉಳಿಯುತ್ತೆ. ಹಲಗೆಯ ತುದಿಯಿಂದ ತುದಿಗೆ ಬಿಗಿಯಾಗಿ ದಾರ ಹಿಡಿಯಿರಿ. ಎಷ್ಟು ಬಾಗಿದೆ ಅಂತ ಗೊತ್ತಾಗುತ್ತೆ. ಸ್ವಲ್ಪ ಬಾಗಿದ್ದರೆ ಮಗುಚಿ ಹಾಕಿ, ಆಸರೆ ಕೊಡಿ. ಬಿರುಕು ಬಿಟ್ಟಿದ್ದರೆ ಇವತ್ತೇ ಇಳಿಸಿಬಿಡಿ.